ಕೊಂಡು ತಂದ ಮನರಂಜನೆಗೆ ನಾವು ತೆರುತ್ತಿರುವ ಬೆಲೆ

ನಮ್ಮ ಪಟ್ಟಣಗಳ ಮಧ್ಯಮ ವರ್ಗದ ಯಾವುದೇ ಮನೆಯ ತಿಂಗಳ ಖರ್ಚಿನ ಪಟ್ಟಿಯನ್ನು ತೆಗೆದು ನೋಡಿ. ಅಕ್ಕಿ, ಮೀನು, ಹಾಲು, ಗ್ಯಾಸ್, ಕರೆಂಟು, ಮಕ್ಕಳ ಫೀಸು, ಮದ್ದು- ಎಲ್ಲವೂ ಅದರಲ್ಲಿರುತ್ತದೆ. ಮನರಂಜನೆ ಎಂಬ ಬಾಬತ್ತು ಮಾತ್ರ ಇರುವುದಿಲ್ಲ. ಕೇಳಿದರೆ, ‘ನಾವು ಸಿನಿಮಾಕ್ಕೆ ಹೋಗುವವರಲ್ಲ, ರೆಸಾರ್ಟು ಎಂದು ಸುತ್ತುವವರೂ ಅಲ್ಲ. ನಮಗೇನು ಮನರಂಜನೆಯ ಖರ್ಚು?’ ಎಂಬ ಉತ್ತರ ಬಂದೀತು. ಈ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಈ ಉತ್ತರ ಕೊಡುವಾಗ ಮನೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಮಂದಿ ನಾಲ್ಕು ಮೊಬೈಲುಗಳ ಮುಂದೆ ತಲೆ ತಗ್ಗಿಸಿ ಕೂತಿರುತ್ತಾರೆ.

ಆ ನಾಲ್ಕು ಮೊಬೈಲುಗಳ ಲೆಕ್ಕವನ್ನೇ ತೆಗೆದುಕೊಳ್ಳೋಣ. 2024ರ ಜುಲೈಯಲ್ಲಿ ಕಂಪೆನಿಗಳು ದರ ಏರಿಸಿದಾಗ, ದಿನಕ್ಕೆ ಒಂದೂವರೆ ಜಿಬಿ ಡಾಟಾ ಕೊಡುವ ಜಿಯೋದ 28 ದಿನಗಳ ರೀಚಾರ್ಜು 239 ರೂಪಾಯಿಯಿಂದ 299 ರೂಪಾಯಿಗೇರಿತು. ಈ 28 ದಿನ ಎಂಬುದರಲ್ಲೂ ಒಂದು ಲೆಕ್ಕಾಚಾರವಿದೆ. ಕ್ಯಾಲೆಂಡರಿನಲ್ಲಿ ವರ್ಷಕ್ಕೆ 12 ತಿಂಗಳುಗಳಾದರೆ ರೀಚಾರ್ಜಿನಲ್ಲಿ 13. ಆ ದರದಲ್ಲಿ ಒಂದು ಮೊಬೈಲಿಗೆ ವರ್ಷಕ್ಕೆ 3,887 ರೂಪಾಯಿ, ನಾಲ್ಕಕ್ಕೆ 15,548 ರೂಪಾಯಿ. ಇನ್ನು ಟಿವಿ ಸಂಪರ್ಕದ ಬಾಡಿಗೆ, ಎರಡು-ಮೂರು ವರ್ಷಕ್ಕೊಮ್ಮೆ ಬದಲಾಗುವ ಹ್ಯಾಂಡ್‌ಸೆಟ್ಟು ಬೇರೆ. ಒಪ್ಪೋಣ, ಈ ಮೊಬೈಲಿನಲ್ಲಿ ಗಲ್ಫಿನಲ್ಲಿರುವ ಮಗನ ಮುಖವೂ ಇದೆ, ಅಂಗಡಿಯ ವ್ಯವಹಾರವೂ ಇದೆ, ಮಕ್ಕಳ ಪಾಠವೂ ಇದೆ. ಆದರೆ ರಾತ್ರಿ ಮಲಗುವ ಮುನ್ನವೇ ಅಂದಿನ ಡಾಟಾ ಮುಗಿದು ಹೋಗುವುದು ಪಾಠದಿಂದಲೋ ವ್ಯವಹಾರದಿಂದಲೋ ಅಲ್ಲ ಎಂಬುದು ಆ ಮನೆಯಲ್ಲಿರುವ ಎಲ್ಲರಿಗೂ ಗೊತ್ತು.

ಆದರೂ, ಹಣ ಎಂಬುದು ಇದರಲ್ಲಿ ಅತ್ಯಂತ ಸಣ್ಣ ನಷ್ಟ. ಅದಕ್ಕಿಂತ ದೊಡ್ಡದು ಸಮಯ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲೂ 2024ರಲ್ಲೂ ದೇಶದ ಜನರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ನಡೆಸಿತು. ಸಂಸ್ಕೃತಿ, ವಿರಾಮ, ಮಾಧ್ಯಮ ಮತ್ತು ಆಟೋಟಗಳಿಗಾಗಿ 2019ರಲ್ಲಿ ದಿನದ ಶೇ. 9.9ರಷ್ಟು ಸಮಯ ವ್ಯಯವಾಗುತ್ತಿದ್ದರೆ, 2024ರಲ್ಲಿ ಅದು ಶೇ. 11ಕ್ಕೆ ಏರಿತು. ಅಂದರೆ ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು. ಅರ್ಥಾತ್, ‘ನಮಗೆ ಪುರುಸೊತ್ತೇ ಇಲ್ಲ’ ಎಂಬ ನಮ್ಮ ದಿನನಿತ್ಯದ ದೂರು ಪೂರ್ತಿ ನಿಜವಲ್ಲ. ಪುರುಸೊತ್ತು ಇದೆ. ಅದು ಯಾರ ಕೈಗೆ ಹೋಗುತ್ತಿದೆ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಬಚ್ಚಿಟ್ಟ ಸಂಗತಿಯೇನಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸಾಪ್‌ಗಳ ಒಡೆತನ ಹೊಂದಿರುವ ಮೆಟಾ ಸಂಸ್ಥೆಯ 2024ರ ಆದಾಯ ಸುಮಾರು 16,450 ಕೋಟಿ ಡಾಲರ್. ಇದರಲ್ಲಿ ಪ್ರತಿ ನೂರು ಡಾಲರಿನಲ್ಲಿ 97ಕ್ಕಿಂತಲೂ ಹೆಚ್ಚು ಬಂದಿರುವುದು ಜಾಹೀರಾತಿನಿಂದ. ಇನ್‌ಸ್ಟಾಗ್ರಾಂ ನೋಡಲು ನಾವು ಒಂದು ರೂಪಾಯಿಯನ್ನೂ ಆ ಸಂಸ್ಥೆಗೆ ಕೊಡುವುದಿಲ್ಲ. ಹಾಗಿದ್ದರೆ ಅಲ್ಲಿ ಮಾರಾಟವಾಗುತ್ತಿರುವ ಸರಕು ಯಾವುದು? ನಾವೇ. ನಮ್ಮ ಕಣ್ಣು, ನಮ್ಮ ಗಮನ, ನಮ್ಮ ಸಂಜೆ. ಇದು ಇಂದು ನಿನ್ನೆಯ ಉಪಾಯವೂ ಅಲ್ಲ. 1833ರಲ್ಲಿ ನ್ಯೂಯಾರ್ಕಿನಲ್ಲಿ ಬೆಂಜಮಿನ್ ಡೇ ಎಂಬವರು ‘ದಿ ಸನ್’ ಪತ್ರಿಕೆಯನ್ನು ಬರೇ ಒಂದು ಪೆನ್ನಿಗೆ ಮಾರತೊಡಗಿದರು. ಓದುಗರಿಂದಲ್ಲ, ಓದುಗರನ್ನು ತೋರಿಸಿ ಜಾಹೀರಾತುದಾರರಿಂದ ಸಂಪಾದಿಸುವ ವ್ಯಾಪಾರ ಅದಾಗಿತ್ತು. ಅಂದಿನ ಪತ್ರಿಕೆಗೆ ಕೊನೆಯ ಪುಟ ಎಂಬುದೊಂದಿತ್ತು. ಇಂದಿನ ಪರದೆಗೆ ಅದೂ ಇಲ್ಲ. ಬೆರಳಾಡಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಝಾ ರಸ್ಕಿನ್ ಎಂಬ ತಂತ್ರಜ್ಞರೇ ಆ ಬಗ್ಗೆ ಆ ಬಳಿಕ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. 2017ರಲ್ಲಿ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ ಅವರಂತೂ, ತಮ್ಮ ಸಂಸ್ಥೆಯ ಪೈಪೋಟಿ ಇರುವುದು ಜನರ ನಿದ್ದೆಯೊಂದಿಗೆ ಎಂಬರ್ಥದಲ್ಲಿ ಮಾತಾಡಿದ್ದರು. ವ್ಯಾಪಾರಿಯೇ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಗಿರಾಕಿಗೆ ಅನುಮಾನವೇಕೆ?

ಕ್ರಿಕೆಟನ್ನೇ ನೋಡಿ. 2023ರಿಂದ 2027ರ ವರೆಗಿನ ಐದು ಐಪಿಎಲ್ ಋತುಗಳ 410 ಪಂದ್ಯಗಳ ಪ್ರಸಾರ ಹಕ್ಕು 2022ರ ಹರಾಜಿನಲ್ಲಿ 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಒಂದು ಪಂದ್ಯಕ್ಕೆ ಸರಿಸುಮಾರು 118 ಕೋಟಿ. ಇಷ್ಟು ದೊಡ್ಡ ಮೊತ್ತವನ್ನು ಯಾರೂ ಕ್ರಿಕೆಟಿನ ಮೇಲಿನ ಪ್ರೀತಿಯಿಂದ ಸುರಿಯುವುದಿಲ್ಲ. ಅದು ಸಾಬೂನಿನ ಬೆಲೆಯಲ್ಲಿ, ತಂಪು ಪಾನೀಯದ ಬೆಲೆಯಲ್ಲಿ, ಚಂದಾದ ರೂಪದಲ್ಲಿ ನಮ್ಮಿಂದಲೇ ವಸೂಲಾಗಬೇಕು. ಕೆಲವು ವರ್ಷಗಳ ಕಾಲ ಅದು ಇನ್ನೊಂದು ರೂಪದಲ್ಲೂ ವಸೂಲಾಯಿತು. ಪಂದ್ಯದ ನಡುನಡುವೆ ಬರುತ್ತಿದ್ದ ಜಾಹೀರಾತುಗಳು ನಮ್ಮ ಯುವಕರನ್ನು ಹಣ ಕಟ್ಟಿ ಆಡುವ ಆ್ಯಪ್‌ಗಳತ್ತ ಕರೆದೊಯ್ದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಂಥ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾನೂನು ತಂದಾಗ ಸರಕಾರ ಮುಂದಿಟ್ಟ ಅಂದಾಜು ಹೀಗಿತ್ತು: ಬಾಧಿತರು 45 ಕೋಟಿ, ನಷ್ಟ 20 ಸಾವಿರ ಕೋಟಿ ರೂಪಾಯಿಗೂ ಅಧಿಕ. ಮೈದಾನದಲ್ಲಿ ಬ್ಯಾಟು ಹಿಡಿದು ಸೋತ ಹುಡುಗ ಬೆವರಿ ಮನೆಗೆ ಬರುತ್ತಾನೆ. ಪರದೆಯ ಮುಂದೆ ಸೋತವನು ಸಾಲ ಮಾಡಿಕೊಂಡು ಎದ್ದೇಳುತ್ತಾನೆ. ಎರಡಕ್ಕೂ ನಾವು ಆಟ ಎಂಬ ಒಂದೇ ಹೆಸರಿಟ್ಟಿದ್ದೇವೆ.

ಹಣ ಹೋದರೆ ದುಡಿಯಬಹುದು. ಸಮಯ ಹೋದರೆ ಉಳಿದ ಸಮಯವನ್ನಾದರೂ ಜೋಪಾನ ಮಾಡಬಹುದು. ಆದರೆ ಇವೆರಡಕ್ಕಿಂತಲೂ ದೊಡ್ಡ ಇನ್ನೊಂದು ನಷ್ಟವಿದೆ. ಅದು ಸಾಮರ್ಥ್ಯದ ನಷ್ಟ. ಕೈ ಆಡಿಸದಿದ್ದರೆ ಕೈ ಸೊರಗುವಂತೆ, ಹಾಡದ ಮನೆ ಹಾಡನ್ನು ಮರೆಯುತ್ತದೆ, ಕತೆ ಹೇಳದ ಮನೆ ಕತೆ ಹೇಳುವುದನ್ನು ಮರೆಯುತ್ತದೆ.

ಈ ಆತಂಕವನ್ನು ನೂರಿಪ್ಪತ್ತು ವರ್ಷಗಳ ಹಿಂದೆಯೇ ವ್ಯಕ್ತಪಡಿಸಿದವರಿದ್ದಾರೆ. ಗ್ರಾಮಫೋನು ಆಗಷ್ಟೇ ಮನೆಗಳೊಳಗೆ ಕಾಲಿಡುತ್ತಿದ್ದ 1906ರಲ್ಲಿ ಅಮೆರಿಕದ ಖ್ಯಾತ ಸಂಗೀತಗಾರ ಜಾನ್ ಫಿಲಿಪ್ ಸೌಸಾ ಅದರ ವಿರುದ್ಧ ಒಂದು ಲೇಖನ ಬರೆದರು. ಯಂತ್ರವೇ ಹಾಡತೊಡಗಿದರೆ ಮನೆಮಂದಿ ಹಾಡುವುದನ್ನು ನಿಲ್ಲಿಸುತ್ತಾರೆ, ಮಕ್ಕಳು ಸಂಗೀತ ಕಲಿಯುವ ಕಷ್ಟಕ್ಕೆ ಕೈ ಹಾಕುವುದಿಲ್ಲ ಎಂಬುದು ಅವರ ವಾದವಾಗಿತ್ತು. ಅವರ ಮಾತಿನಲ್ಲಿ ಸ್ವಾರ್ಥವೂ ಇತ್ತೆನ್ನಿ. ತಾನು ರಚಿಸಿದ ಸಂಗೀತಕ್ಕೆ ಗ್ರಾಮಫೋನು ಕಂಪೆನಿಗಳು ಸಂಭಾವನೆ ಕೊಡುತ್ತಿಲ್ಲ ಎಂಬ ಸಿಟ್ಟು ಅವರಿಗಿತ್ತು. ಅಲ್ಲದೆ, ಅವರು ಹೆದರಿದ ಯಂತ್ರ ಉಪಕಾರವನ್ನೂ ಮಾಡಿದೆ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಕಂಠ ಆ ಯಂತ್ರದಲ್ಲಿ ದಾಖಲಾಗದೇ ಇರುತ್ತಿದ್ದರೆ, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ದನಿ ಅವರೊಂದಿಗೇ ಮಣ್ಣಾಗುತ್ತಿತ್ತು. ಆದ್ದರಿಂದ ಯಂತ್ರವನ್ನು ಶಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಸೌಸಾ ಎತ್ತಿದ ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿದೆ: ಜಗತ್ತಿನ ಅತ್ಯುತ್ತಮ ಹಾಡು ಬೆರಳ ತುದಿಯಲ್ಲಿರುವಾಗ, ಮನೆಯವರ ಸಾಧಾರಣ ಹಾಡನ್ನು ಕೇಳುವವರು ಯಾರು?

ನಮ್ಮ ಸಮುದಾಯಕ್ಕೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ವಿಜಾಪುರದ ಸೂಫಿ ಪರಂಪರೆಯಲ್ಲಿ ದಖ್ಖನಿ ಭಾಷೆಯ ಚಕ್ಕಿನಾಮಾ, ಚರಖಾನಾಮಾ ಎಂಬ ಪದ್ಯಗಳಿವೆ. ಬೀಸುವ ಕಲ್ಲಿನ ಮುಂದೆ, ನೂಲುವ ರಾಟೆಯ ಮುಂದೆ ಕೂತ ಹೆಣ್ಣುಮಕ್ಕಳ ಬಾಯಲ್ಲಿ ಬಾಳಿದ ಹಾಡುಗಳವು. ಅರಬಿ-ಮಲಯಾಳಂನಲ್ಲಿ ಬರೆದ ಕೊಂಡೋಟಿಯ ಮೊಯಿನ್‌ಕುಟ್ಟಿ ವೈದ್ಯರ್, ತನ್ನ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಎಂಬ ಕಾವ್ಯವನ್ನು ರಚಿಸಿದ್ದು 1872ರಲ್ಲಿ, ಇಪ್ಪತ್ತರ ಹರೆಯದಲ್ಲಿ. ಅದನ್ನು ಮುಂದಕ್ಕೆ ದಾಟಿಸಿದ್ದು ಕಂಪೆನಿಗಳಲ್ಲ, ಮದುವೆ ಮನೆಗಳಲ್ಲಿ ಹಾಡಿದ ಸಾಮಾನ್ಯ ಜನರು. ಕರಾವಳಿಯ ಬ್ಯಾರಿ ಮನೆಗಳ ಮದರಂಗಿ ಹಾಡು, ದಫ್, ಕೋಲ್ಕಳಿ, ಅಜ್ಜಿಯ ಒಗಟು, ಮಳೆಗಾಲದ ಚೆನ್ನೆಮಣೆ- ಇವುಗಳಲ್ಲಿ ಯಾವುದಕ್ಕೂ ಟಿಕೆಟು ಇರಲಿಲ್ಲ, ಪ್ರೇಕ್ಷಕ ಎಂಬ ಪ್ರತ್ಯೇಕ ವರ್ಗವೂ ಇರಲಿಲ್ಲ. ಇಂದು ಹಾಡಿದವಳು ನಾಳೆ ಕೇಳುಗಳಾಗುತ್ತಿದ್ದಳು, ಇಂದು ಕೇಳಿದವಳು ನಾಳೆ ಹಾಡುತ್ತಿದ್ದಳು. ಈಗ ಅದೇ ಮದುವೆ ಮನೆಯಲ್ಲಿ ಬಾಡಿಗೆಯ ಧ್ವನಿವರ್ಧಕ ಹಾಡುತ್ತದೆ. ಹೆಣ್ಣುಮಕ್ಕಳು ಮೊಬೈಲು ಎತ್ತಿ ಹಿಡಿದು ಚಿತ್ರೀಕರಿಸುತ್ತಾರೆ. ಗದ್ದಲ ಹೆಚ್ಚಾಗಿದೆ, ದನಿ ಕಡಿಮೆಯಾಗಿದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ನಮ್ಮ ಮನರಂಜನೆಯನ್ನು ನಾವೇ ಸೃಷ್ಟಿಸಬೇಕು ಎಂದರೆ ಎಲ್ಲರೂ ಕವಿಗಳೋ ಕಲಾವಿದರೋ ಆಗಬೇಕೆಂದಲ್ಲ. ಹತ್ತು ವರ್ಷದ ಮಗು ಬರೆದ ಕತೆ ಕಳಪೆಯಾಗಿಯೇ ಇರುತ್ತದೆ. ಆದರೆ ಆ ಕತೆಯನ್ನು ಬರೆಯಲು ಅದು ಒಂದು ಪಾತ್ರದ ಬಗ್ಗೆ ಯೋಚಿಸಬೇಕಾಗುತ್ತದೆ, ಪದ ಹುಡುಕಬೇಕಾಗುತ್ತದೆ, ಮುಂದೇನಾಗಬೇಕು ಎಂದು ತೀರ್ಮಾನಿಸಬೇಕಾಗುತ್ತದೆ, ಕೊನೆಗೆ ತಂಗಿಗೆ ಓದಿ ಹೇಳಿ ಅವಳು ಆಕಳಿಸುವುದನ್ನೂ ಸಹಿಸಬೇಕಾಗುತ್ತದೆ. ಅದೇ ಸಮಯದಲ್ಲಿ ನೂರು ರೀಲ್ಸ್ ನೋಡಿದ ಮಗುವಿಗೆ ಇದಾವುದರ ಅಗತ್ಯವೂ ಬೀಳುವುದಿಲ್ಲ. ಮರುದಿನ ‘ನಿನ್ನೆ ಏನು ನೋಡಿದೆ?’ ಎಂದು ಕೇಳಿದರೆ ಆ ಮಗುವಿಗೆ ಎರಡನ್ನು ನೆನಪಿಸಿ ಹೇಳುವುದೂ ಕಷ್ಟ. ಕೊಂಡದ್ದು ಕರಗುತ್ತದೆ, ಕಟ್ಟಿದ್ದು ಕೆಟ್ಟದಾಗಿದ್ದರೂ ಕಟ್ಟಿದವನಲ್ಲಿ ಏನನ್ನಾದರೂ ಉಳಿಸಿ ಹೋಗುತ್ತದೆ.

ಈ ನಷ್ಟಕ್ಕೆ ಒಂದು ರಾಜಕೀಯ ಮುಖವೂ ಇದೆ. ತನ್ನ ಕತೆಯನ್ನು ತಾನೇ ಹೇಳದ ಸಮುದಾಯದ ಕತೆಯನ್ನು ಇತರರು ಹೇಳುತ್ತಾರೆ. 2023ರಲ್ಲಿ ತೆರೆ ಕಂಡ ‘ದಿ ಕೇರಳ ಸ್ಟೋರಿ’ಯನ್ನು ನೆನಪಿಸಿಕೊಳ್ಳಿ. 32 ಸಾವಿರ ಹೆಣ್ಣುಮಕ್ಕಳು ಎಂದು ಅದರ ಟೀಸರ್ ಹೇಳಿತ್ತು. ಆ ಸಂಖ್ಯೆಯನ್ನು ದೃಢಪಡಿಸುವ ಅಧಿಕೃತ ದಾಖಲೆಯಿಲ್ಲ ಎಂಬ ಸೂಚನೆಯನ್ನು ಸೇರಿಸುವುದಾಗಿ ನಿರ್ಮಾಪಕರು ಸುಪ್ರೀಮ್ ಕೋರ್ಟಿನಲ್ಲಿ ಒಪ್ಪಿಕೊಂಡರು. ಆದರೆ ಅಷ್ಟರಲ್ಲಿ ಕರ್ನಾಟಕದ ವಿಧಾನಸಭಾ ಚುನಾವಣೆ ಮುಗಿದಿತ್ತು. ಚುನಾವಣೆಗೆ ಮುನ್ನ ಬಳ್ಳಾರಿಯ ಸಭೆಯಲ್ಲಿ ಸ್ವತಃ ಪ್ರಧಾನಿಯವರು ಆ ಸಿನಿಮಾವನ್ನು ಪ್ರಸ್ತಾಪಿಸಿದ್ದರು. ಇಂಥ ಸಿನಿಮಾಗಳಿಗೆ ನಾವು ಏನು ಉತ್ತರ ಕೊಡುತ್ತೇವೆ? ಹೇಳಿಕೆ ಕೊಡುತ್ತೇವೆ, ಪ್ರತಿಭಟಿಸುತ್ತೇವೆ. ಅದು ತಪ್ಪಲ್ಲ. ಆದರೆ ಕತೆಗೆ ಹೇಳಿಕೆ ಉತ್ತರವಾಗಲಾರದು. ಕತೆಗೆ ಉತ್ತರ ಕೊಡಬೇಕಾದುದು ಕತೆಯೇ.

ಅಂಥ ಉತ್ತರ ಸಾಧ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹಾಸನದ ಬಾನು ಮುಷ್ತಾಕ್ ನಮ್ಮ ಮನೆಗಳ ಒಳಕೋಣೆಗಳ ಬದುಕನ್ನು ದಶಕಗಳ ಕಾಲ ಕನ್ನಡದಲ್ಲಿ ಕತೆಯಾಗಿಸಿದರು. ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಅದು ಹೊರಬಂದು, 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಅವರ ಕತೆಗಳನ್ನು ನಾವು ಒಪ್ಪಬಹುದು, ಒಪ್ಪದೇ ಇರಬಹುದು. ಅದರಲ್ಲಿರುವ ಟೀಕೆ ಕೆಲವರನ್ನು ಚುಚ್ಚಬಹುದು. ಆದರೆ ಆ ಬದುಕನ್ನು ಬಲ್ಲವರೊಬ್ಬರು ಆ ಬದುಕಿನ ಒಳಗಿನಿಂದ ಬರೆದ ಕತೆಗಳವು ಎಂಬುದನ್ನು ನಿರಾಕರಿಸಲಾಗದು. ಒಂದು ಪಟ್ಟಣದ ಮನೆಯಲ್ಲಿ ಇದು ಸಾಧ್ಯವಾಗಿದ್ದರೆ, ಇತರ ಪಟ್ಟಣಗಳ ಮನೆಗಳಲ್ಲಿ ಏಕೆ ಸಾಧ್ಯವಾಗಬಾರದು?

ಇದಕ್ಕೆ ಉತ್ತರ ಹುಡುಕುವಾಗ ನಾವು ನಮ್ಮನ್ನೂ ಒಂದಿಷ್ಟು ವಿಮರ್ಶಿಸಿಕೊಳ್ಳಬೇಕು. ಮನರಂಜನೆಯ ವಿಷಯ ಬಂದಾಗಲೆಲ್ಲ ನಮ್ಮ ವೇದಿಕೆಗಳಲ್ಲಿ ಚರ್ಚೆಯಾದದ್ದು ಯಾವುದು ಸಲ್ಲದು ಎಂಬುದೇ ಹೊರತು, ಅದರ ಬದಲಿಗೆ ಏನು ಎಂಬುದಲ್ಲ. ಒಂದು ಕಾಲದಲ್ಲಿ ಟಿವಿ ಬೇಡ ಎಂದೆವು. ಹೆಣ್ಣುಮಕ್ಕಳ ಹಾಡು ಬೇಡ ಎಂದೆವು. ನಾಟಕ ಬೇಡ, ಆಟ ಬೇಡ ಎಂದೆವು. ಬೇಡ ಎಂದ ಜಾಗದಲ್ಲಿ ಏನನ್ನೂ ಇಡಲಿಲ್ಲ. ಖಾಲಿ ಜಾಗ ಖಾಲಿಯಾಗಿಯೇ ಉಳಿಯುವುದಿಲ್ಲ. ಮೊಬೈಲು ಬಂದು ಅಲ್ಲಿ ಕೂತಿತು. ಮದರಂಗಿ ಹಾಡನ್ನು ನಿಲ್ಲಿಸಿದ ಮನೆಯಲ್ಲೇ ಇಂದು ರಾತ್ರಿಯಿಡೀ ರೀಲ್ಸ್ ಓಡುತ್ತಿದೆ. ಯಾವುದು ಉತ್ತಮವಾಗಿತ್ತು? ಈದ್‌ನ ದಿನ ಅಬಿಸೀನಿಯನ್ನರು ಮಸೀದಿಯಲ್ಲೇ ಈಟಿಗಳ ಆಟ ಪ್ರದರ್ಶಿಸಿದಾಗ, ಪತ್ನಿ ಆಯಿಶಾ(ರ)ರಿಗೆ ಸಾಕೆನಿಸುವ ವರೆಗೆ ಅದನ್ನು ನೋಡಲು ಪ್ರವಾದಿ(ಸ) ಅನುವು ಮಾಡಿಕೊಟ್ಟರು. ಅವರೊಂದಿಗೆ ಓಟದ ಸ್ಪರ್ಧೆಯನ್ನೂ ನಡೆಸಿದ್ದರು. ನಗುವುದಕ್ಕೂ ಆಡುವುದಕ್ಕೂ ಬದುಕಿನಲ್ಲಿ ಒಂದು ಜಾಗವಿದೆ ಎಂಬುದನ್ನು ಈ ಘಟನೆಗಳಿಂದ ಕಲಿಯಲು ನಮಗೇಕೆ ಇಷ್ಟು ಹಿಂಜರಿಕೆ?

‘ಇದಕ್ಕೆಲ್ಲ ಮನೆಯ ಹೆಂಗಸರಿಗೆ ಪುರುಸೊತ್ತೆಲ್ಲಿದೆ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಸರಿಯಾದದ್ದೇ. ಮೇಲೆ ಹೇಳಿದ 2024ರ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಅಂಥ ಕೆಲಸ ಮಾಡುವ ಪುರುಷರು ಕೊಡುವುದು 88 ನಿಮಿಷ. ಐದು ಗಂಟೆ ಬೀಸಿ, ಬೇಯಿಸಿ, ತೊಳೆದು ಸುಸ್ತಾದ ತಾಯಿಯೊಬ್ಬಳು ರಾತ್ರಿ ಅರ್ಧ ಗಂಟೆ ಧಾರಾವಾಹಿ ನೋಡಿದರೆ ಅವಳನ್ನು ದೂಷಿಸುವ ನೈತಿಕತೆ ಯಾರಿಗಿದೆ? ದಣಿದ ದೇಹಕ್ಕೆ ಕೊಂಡು ತಂದದ್ದೇ ಸುಲಭ. ಆದ್ದರಿಂದ ತಾಯಂದಿರು ಮಕ್ಕಳಿಗೆ ಕತೆ ಹೇಳಬೇಕು ಎಂದು ಭಾಷಣ ಮಾಡುವ ಪುರುಷರು ಮೊದಲು ಪಾತ್ರೆ ತೊಳೆಯಬೇಕಾಗುತ್ತದೆ. ಕತೆ ಹೇಳುವ ಹೊಣೆ ತಾಯಿಯದ್ದು ಮಾತ್ರ ಎಂದು ಯಾರು ಹೇಳಿದರು? ತಂದೆಯ ಬಾಯಿಗೇನು ಬೀಗ ಹಾಕಿದೆಯೇ?

ಇನ್ನೊಂದು ವಾದವೂ ಇದೆ: ‘ಇಂದಿನ ಯುವಕರು ಬರೇ ನೋಡುವವರಲ್ಲ, ಅವರೇ ರೀಲ್ಸ್ ಮಾಡುತ್ತಾರೆ, ಅದೂ ಸೃಷ್ಟಿಯೇ ಅಲ್ಲವೇ?’ ಹೌದು, ಅದರಲ್ಲಿ ಪ್ರತಿಭೆಯಿದೆ. ಆದರೆ ಅದರ ಒಡೆತನ ಯಾರದು ಎಂಬುದನ್ನೂ ನೋಡಬೇಕು. 2020ರ ಜೂನ್ 29ರಂದು ಟಿಕ್‌ಟಾಕ್ ಭಾರತದಲ್ಲಿ ನಿಷೇಧಕ್ಕೊಳಗಾದಾಗ, ವರ್ಷಗಟ್ಟಲೆ ಅದರಲ್ಲಿ ಹೆಸರು ಮಾಡಿದವರ ಅಷ್ಟೂ ದುಡಿಮೆ ಕಣ್ಣೆದುರೇ ಇಲ್ಲವಾಯಿತು. ಕೆಲವೇ ದಿನಗಳಲ್ಲಿ ಇನ್‌ಸ್ಟಾಗ್ರಾಂ ತನ್ನ ರೀಲ್ಸನ್ನೂ, ಅದೇ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನೂ ಭಾರತದ ಮುಂದಿಟ್ಟವು. ಮಳಿಗೆಯ ಮಾಲಕ ಬದಲಾದ, ಕೆಲಸಗಾರರು ಅವರೇ ಉಳಿದರು. ಯಾವುದನ್ನು ಮಾಡಿದರೆ ಹೆಚ್ಚು ಮಂದಿ ನೋಡುತ್ತಾರೆ ಎಂಬುದನ್ನು ಕಂಪೆನಿಯ ಲೆಕ್ಕಾಚಾರ ತೀರ್ಮಾನಿಸುವಾಗ, ಅದು ನಮ್ಮ ಸೃಷ್ಟಿ ಎನ್ನುವುದಕ್ಕಿಂತ ಸಂಬಳವಿಲ್ಲದ ನೌಕರಿ ಎನ್ನುವುದೇ ಸರಿ. ಅದೇ ಮೊಬೈಲಿನಲ್ಲಿ ಅಜ್ಜಿಯ ಹಾಡನ್ನು ದಾಖಲಿಸಿ ಮನೆಯಲ್ಲಿಟ್ಟುಕೊಂಡರೆ, ಅದು ನಮ್ಮದು. ಉಪಕರಣ ಒಂದೇ, ಯಜಮಾನ ಬೇರೆ.

ಹಾಗಿದ್ದರೆ ಏನು ಮಾಡಬಹುದು? ಸಾಗರ ತಾಲೂಕಿನ ಹೆಗ್ಗೋಡು ಎಂಬ, ಅಡಕೆ ತೋಟಗಳ ನಡುವಿನ ಹಳ್ಳಿಯ ಜನರು 1949ರಲ್ಲಿ ತಮಗೆ ತಾವೇ ನಾಟಕ ಆಡಿಕೊಳ್ಳಲು ಒಂದು ಸಂಘ ಕಟ್ಟಿದರು. ಅದುವೇ ನೀನಾಸಂ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಪೇಟೆಯಿಂದ ಮನರಂಜನೆ ಬರಲಿ ಎಂದು ಕಾಯುತ್ತಾ ಕೂತಿದ್ದರೆ ಇಂದು ಹೆಗ್ಗೋಡಿನ ಹೆಸರು ಎಷ್ಟು ಮಂದಿಗೆ ಗೊತ್ತಿರುತ್ತಿತ್ತು? ನಾವು ನಾಟಕವನ್ನೇ ಆಡಬೇಕೆಂದಿಲ್ಲ. ನಮ್ಮ ಪ್ರತಿ ಪಟ್ಟಣದ ಜಮಾಅತ್‌ಗಳಿಗೆ ಸಭಾಂಗಣಗಳಿವೆ. ಮದುವೆಯಿಲ್ಲದ ದಿನ ಅವುಗಳಿಗೆ ಬೀಗ. ತಿಂಗಳಿಗೊಂದು ಸಂಜೆ ಆ ಬೀಗ ತೆರೆದು ಮಕ್ಕಳ ಕತೆ, ಒಗಟು, ಹಾಡು, ಮುಶಾಯಿರಾ ನಡೆಸಲು ಎಷ್ಟು ಖರ್ಚಾದೀತು? ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಾನ ಜಾಗವಿರಲಿ. ಮೈದಾನವೂ ಬೀದಿಯೂ ಗಂಡುಮಕ್ಕಳಿಗೆ ಹೇಗೂ ಇದೆ. ಹೆಣ್ಣುಮಕ್ಕಳಿಗೆ ಮೊಬೈಲಿನ ಹೊರತು ಹೊರಜಗತ್ತೇ ಇಲ್ಲದಂತೆ ಮಾಡಿದವರು ನಾವು. ಶಾಲೆ, ಮದ್ರಸಾಗಳಲ್ಲಿ ಕೈಬರಹದ ಪತ್ರಿಕೆ ಹೊರಡಿಸಲು ಬೇಕಾದದ್ದು ಬಿಳಿ ಹಾಳೆ ಮತ್ತು ತಿದ್ದುವ ಒಬ್ಬ ಶಿಕ್ಷಕ. ಇನ್ನು ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. ಅಂದರೆ ಪುಸ್ತಕಕ್ಕೆ ನಾವು ಈಗಾಗಲೇ ಹಣ ಕೊಟ್ಟಾಗಿದೆ. ಕೊಟ್ಟ ಹಣದ ಸರಕನ್ನು ತರಲು ಹೋಗುವುದಿಲ್ಲ, ಅಷ್ಟೆ.

ಮನೆಗಳಲ್ಲಿ ಆರಂಭ ಇನ್ನೂ ಸಣ್ಣದಾಗಿರಲಿ. ವಾರಕ್ಕೊಂದು ಸಂಜೆ, ಇಶಾ ನಮಾಝ್‌ನ ಬಳಿಕ ಒಂದು ಗಂಟೆ, ಎಲ್ಲರ ಮೊಬೈಲುಗಳೂ, ಮುಖ್ಯವಾಗಿ ತಂದೆಯ ಮೊಬೈಲು, ಕಪಾಟಿನೊಳಗಿರಲಿ. ಮೊದಲ ವಾರ ಮಾತು ಹೊರಡದು. ಯಾರಿಗೆ ಏನು ಹೇಳಬೇಕೆಂದೇ ತಿಳಿಯದು. ಮಕ್ಕಳು ಗಡಿಯಾರ ನೋಡುತ್ತಾರೆ. ಆ ಮೌನವನ್ನು ಕಂಡು ಗಾಬರಿಯಾಗಬೇಕಿಲ್ಲ. ಇಷ್ಟು ವರ್ಷ ನಾವು ತೆತ್ತ ಬೆಲೆ ಎಷ್ಟೆಂಬುದು ಅಲ್ಲಿ ನಮಗೆ ಕಾಣಿಸುತ್ತದೆ. ಎರಡನೇ ವಾರವೂ ಕೂತುಕೊಳ್ಳಿ. ಹಿರಿಯರಲ್ಲಿ ಯಾರಾದರೊಬ್ಬರು ಅರ್ಧ ಮರೆತ ಒಗಟನ್ನೋ ಹಾಡನ್ನೋ ನೆನಪಿಸಿಕೊಂಡಾರು. ಉಳಿದರ್ಧವನ್ನು ಮಕ್ಕಳು ಕಟ್ಟಲಿ.